ಪೇಟೆಗೆ ಹೋಗುವ ಮುನ್ನ ನಾಲ್ಕು ಮಾತು ಮರಾಠಿ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ನಮಗೆ ಹಲವು ಭಾಷೆ ಕೇಳುವುದು ಹೊಸತಲ್ಲ. ಮನೆಯಲ್ಲಿ ಕನ್ನಡ, ತಾಂಡಾದಲ್ಲಿ ಲಂಬಾಣಿ, ಸಂತೆಯಲ್ಲಿ ದಖನಿ, ತಾಂಡೂರಿನ ಕಡೆ ಹೋದರೆ ತೆಲುಗು. ಮರಾಠಿ ಮಾತ್ರ ನಮ್ಮಲ್ಲಿ ಅನೇಕರ ಕಿವಿಗೆ ಅಷ್ಟಾಗಿ ಬಿದ್ದಿಲ್ಲ. 1956ರವರೆಗೆ ಮರಾಠವಾಡವೂ ನಮ್ಮ ಜಿಲ್ಲೆಯೂ ಒಂದೇ ಹೈದರಾಬಾದ ರಾಜ್ಯದಲ್ಲಿದ್ದವು, ಆಮೇಲೆ ಬೇರೆಯಾದವು. ಆದರೆ ವ್ಯಾಪಾರಕ್ಕೆ ಗಡಿ ಅಡ್ಡ ಬರುವುದಿಲ್ಲ. ವಾಡಿಯಲ್ಲಿ ರೈಲು ಹತ್ತಿದರೆ ಶಹಾಬಾದ, ಕಲಬುರಗಿ ದಾಟಿ ಸುಮಾರು 150 ಕಿ.ಮೀ. ದೂರದಲ್ಲಿ ಸೊಲ್ಲಾಪುರ. ಅಲ್ಲಿ ಉಳ್ಳಾಗಡ್ಡಿಯ ಪೇಟೆ ದೊಡ್ಡದು. ಲಾತೂರಿನಲ್ಲಿ ಬೇಳೆಕಾಳಿನ ವ್ಯಾಪಾರ ಮತ್ತು ಬೇಳೆ ಗಿರಣಿಗಳು.

ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಕನ್ನಡ ಬಲ್ಲವರು ಬಹಳ ಮಂದಿ ಇದ್ದಾರೆ, ನಿಜ. ಆದರೆ ಮಾಲು ನಮ್ಮದು, ತೂಕ ನಮ್ಮದು. ದರ ಕೂಗುವಾಗ, ಚೀಲ ಕಾಂಟಾದ ಮೇಲೆ ಇಡುವಾಗ ನಮ್ಮ ಕಿವಿಗೇ ತಿಳಿದರೆ ಒಳ್ಳೆಯದು. ಮರಾಠಿ ಪಂಡಿತರಾಗುವ ಅಗತ್ಯವಿಲ್ಲ. ಮೊದಲು ಲೆಕ್ಕ, ಆಮೇಲೆ ಏಳೆಂಟು ಮಾತು. ಇಷ್ಟು ಸಾಕು.

ಮೊದಲು ಲೆಕ್ಕ

ಏಕ್, ದೋನ್, ತೀನ್, ಚಾರ್, ಪಾಚ್, ಸಹಾ, ಸಾತ್, ಆಠ್, ನಊ, ದಹಾ. ಒಂದರಿಂದ ಹತ್ತು ಆಯಿತು. ಸಹಾ ಎಂದರೆ ಆರು, ದಹಾ ಎಂದರೆ ಹತ್ತು. ಗದ್ದಲದಲ್ಲಿ ಇವೆರಡನ್ನು ಬೇರೆ ಮಾಡಿ ಕೇಳಬೇಕು. ನೂರಕ್ಕೆ ಶಂಭರ್, ಇನ್ನೂರಕ್ಕೆ ದೋನಶೇ, ಸಾವಿರಕ್ಕೆ ಹಜಾರ್.

ಇನ್ನು ಮುಖ್ಯವಾದದ್ದು. ಪೇಟೆಯಲ್ಲಿ ದರವನ್ನು ಪಾವು, ಅರ್ಧದ ಲೆಕ್ಕದಲ್ಲಿ ಹೇಳುವ ರೂಢಿಯಿದೆ. ‘ಸವ್ವಾ’ ಎಂದರೆ ಕಾಲುಭಾಗ ಹೆಚ್ಚು. ‘ಸಾಡೇ’ ಎಂದರೆ ಅರ್ಧ ಹೆಚ್ಚು. ‘ಪಾವಣೆ’ ಎಂದರೆ ಕಾಲುಭಾಗ ಕಡಿಮೆ. ಸವ್ವಾ ಸಾತ್ ಹಜಾರ್ 7,250. ಸಾಡೇ ಸಾತ್ ಹಜಾರ್ 7,500. ಪಾವಣೆ ಆಠ್ ಹಜಾರ್ 7,750. ‘ಆಠ್’ ಎಂಬ ಶಬ್ದವನ್ನಷ್ಟೇ ಹಿಡಿದು ಎಂಟು ಸಾವಿರವೆಂದು ತಲೆಯಾಡಿಸಿದರೆ ಕ್ವಿಂಟಾಲಿಗೆ 250 ರೂಪಾಯಿ ಲೆಕ್ಕ ತಪ್ಪಿತು. ಇಪ್ಪತ್ತು ಕ್ವಿಂಟಾಲ್ ತೊಗರಿಗೆ ಅದು 5,000 ರೂಪಾಯಿ. ಒಂದೂವರೆಗೆ ದೀಡ್, ಎರಡೂವರೆಗೆ ಅಡೀಚ್ ಎಂಬ ಬೇರೆ ಶಬ್ದಗಳಿವೆ: ದೀಡ್ ಹಜಾರ್ 1,500, ಅಡೀಚ್ ಹಜಾರ್ 2,500. ದಖನಿಯ ಸವಾ, ಸಾಡೆ, ಪೌನೆ ಬಲ್ಲವರಿಗೆ ಇದು ಅರ್ಧ ಗೊತ್ತಿದ್ದಂತೆಯೇ.

ಎರಡನೆಯದು ತೂಕದ ಅಂಕಿ. ನಾವು ಐವತ್ತೆರಡು ಎನ್ನುವಾಗ ಐವತ್ತು ಮೊದಲು ಬರುತ್ತದೆ. ಮರಾಠಿಯಲ್ಲಿ ಬಿಡಿ ಅಂಕಿ ಮೊದಲು: ಬಾವನ್ನ. ಇನ್ನೊಂದು ತೊಡಕು ‘ಏಕೋಣ’. ಹಾಗೆಂದರೆ ಒಂದು ಕಡಿಮೆ. ಏಕೋಣಪನ್ನಾಸ್ 49, ಏಕ್ಕಾವನ್ನ 51. ಎರಡೂ ‘ಏಕ್’ ಎಂದೇ ಆರಂಭವಾಗುತ್ತವೆ. ಒಂದು ಚೀಲಕ್ಕೆ ಎರಡು ಕಿಲೋ ವ್ಯತ್ಯಾಸವೆಂದರೆ ಐವತ್ತು ಚೀಲಕ್ಕೆ ಒಂದು ಕ್ವಿಂಟಾಲ್. ಆದುದರಿಂದ ಸಂಶಯ ಬಂದರೆ ಅಂಕಿಯನ್ನು ಫೋನಿನಲ್ಲಿ ಒತ್ತಿ ತೋರಿಸಿ, ‘ಏವಢಾ ಕಾ?’ ಎಂದು ಕೇಳಿರಿ. ಇಷ್ಟೇನಾ ಎಂದು ಅರ್ಥ. ಕೇಳುವುದಕ್ಕೆ ನಾಚಿಕೆ ಬೇಡ.

ಕಾಳಿನ ಹೆಸರು

ತೊಗರಿಗೆ ತೂರ್, ಕಡಲೆಗೆ ಹರಭರಾ, ಹೆಸರಿಗೆ ಮೂಗ್, ಉದ್ದಿಗೆ ಉಡೀದ್, ಜೋಳಕ್ಕೆ ಜ್ವಾರೀ, ಕುಸುಬಿಗೆ ಕರಡಈ, ಅಗಸಿಗೆ ಜವಸ್, ಉಳ್ಳಾಗಡ್ಡಿಗೆ ಕಾಂದಾ. ತೂರ್ ಎಂದರೆ ಇಡಿ ಕಾಳು, ತೂರಡಾಳ್ ಎಂದರೆ ಬೇಳೆ. ಎರಡರ ದರ ಬೇರೆ. ನಾವು ಶೇಂಗಾ ಎನ್ನುವುದನ್ನು ಅವರು ಭುಯಿಮೂಗ್ ಎನ್ನುತ್ತಾರೆ. ಅದರಲ್ಲಿ ‘ಮೂಗ್’ ಕೇಳಿಸಿತೆಂದು ಹೆಸರುಕಾಳಿನ ದರವೆಂದು ತಿಳಿಯಬಾರದು. ಮರಾಠಿಯಲ್ಲಿ ‘ಶೇಂಗಾ’ ಎಂದರೆ ಯಾವ ಬೆಳೆಯ ಕಾಯಿಯೂ ಆಗಬಹುದು.

ಹಣದ ದಿನ

ದಖನಿಯಲ್ಲಿ ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಮರಾಠಿಯ ‘ಕಾಲ್’ ನಿನ್ನೆ ಮಾತ್ರ. ನಾಳೆಗೆ ‘ಉದ್ಯಾ’. ‘ಪರವಾ’ ಎಂಬುದು ನಾಡಿದ್ದೂ ಆಗುತ್ತದೆ, ಮೊನ್ನೆಯೂ ಆಗುತ್ತದೆ. ಹಣ ‘ಪರವಾ’ ಎಂದು ಹೇಳಿದರೆ ವಾರದ ಹೆಸರನ್ನೋ ತಾರೀಖನ್ನೋ ಕೇಳಿಕೊಳ್ಳುವುದು ಕ್ಷೇಮ.

ಬಾಯಿಪಾಠ ಮಾಡಬೇಕಾದ ಮಾತುಗಳು

1. ತುರೀಚಾ ಭಾವ್ ಕಾಯ್ ಆಹೇ? – ತೊಗರಿ ದರ ಎಷ್ಟಿದೆ?
2. ಮಾಲ್ ವಾಳಲೇಲಾ ಆಹೇ. – ಮಾಲು ಒಣಗಿದೆ.
3. ಮಲಾ ಪರವಡತ್ ನಾಹೀ. – ನನಗೆ ಗಿಟ್ಟುವುದಿಲ್ಲ.
4. ವಜನ್ ಮಾಝ್ಯಾಸಮೋರ್ ಕರಾ. – ನನ್ನ ಎದುರಿಗೇ ತೂಕ ಮಾಡಿರಿ.
5. ಕಪಾತ್ ಕಿತೀ? – ಎಷ್ಟು ಕಡಿತ ಮಾಡುತ್ತೀರಿ?
6. ಪೈಸೆ ಕೇವ್ಹಾ ಮಿಳತೀಲ್? – ಹಣ ಯಾವಾಗ ಸಿಗುತ್ತದೆ?
7. ಪಾವತೀ ದ್ಯಾ. – ರಸೀತಿ ಕೊಡಿರಿ.
8. ಹಳೂ ಬೋಲಾ. – ನಿಧಾನವಾಗಿ ಮಾತಾಡಿರಿ.

ಮೂರನೆಯ ಮಾತು ಚೌಕಾಸಿಯ ಮಾತು. ಅದನ್ನು ಸಿಟ್ಟಿನಿಂದ ಹೇಳಬೇಕಾಗಿಲ್ಲ. ನಗುತ್ತ ಹೇಳಿದರೂ ಅಷ್ಟೇ ತೂಕ. ಕರಾ, ದ್ಯಾ, ಬೋಲಾ ಎಂಬವು ನಮ್ಮ ಮಾಡ್ರಿ, ಕೊಡ್ರಿ, ಮಾತಾಡ್ರಿ ಇದ್ದಂತೆ, ಗೌರವದ ರೂಪಗಳು. ಕರ್, ದೇ, ಬೋಲ್ ಎಂದರೆ ಏಕವಚನ, ಹೊಸಬರೊಡನೆ ಸಲ್ಲದು. ಗಂಡಸರನ್ನು ಭಾಊ, ದಾದಾ ಎಂದೂ ಹೆಣ್ಣುಮಕ್ಕಳನ್ನು ತಾಈ, ಮಾವಶೀ ಎಂದೂ ಕರೆಯಿರಿ. ನಿಮ್ಮನ್ನು ಯಾರಾದರೂ ‘ಪಾವ್ಹಣಂ’ ಎಂದು ಕರೆದರೆ ಪಾವಣೆಯ ಲೆಕ್ಕವೆಂದು ಗಾಬರಿಯಾಗಬೇಡಿ. ಬೀಗರೇ, ಬನ್ನಿರಿ ಎಂದು ಕರೆದಂತೆ.

ಉಚ್ಚಾರದಲ್ಲಿ ನಮಗೊಂದು ಅನುಕೂಲವಿದೆ. ಡಾಳ್, ಹಳೂ ಎಂಬಲ್ಲಿಯ ‘ಳ’ ನಮ್ಮ ‘ಳ’ವೇ. ನಾಲಗೆ ತಡವರಿಸುವುದಿಲ್ಲ.

ರೂಢಿ ಮಾಡುವ ಬಗೆ

ಈ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದು ಕಿಸೆಯಲ್ಲಿಟ್ಟುಕೊಳ್ಳಿರಿ. ಸಂಜೆ ಕಟ್ಟೆಯ ಮೇಲೆ ಕುಳಿತಾಗ ಒಬ್ಬರು ಅಡತಿಯವರಾಗಿ, ಇನ್ನೊಬ್ಬರು ರೈತರಾಗಿ ದರ ಕೂಗಿ ಆಡಿರಿ. ಹಿಂದಿ ಓದಬಲ್ಲ ಮಕ್ಕಳಿಗೆ ಮರಾಠಿ ರಸೀತಿಯ ಅಕ್ಷರಗಳೂ ಅಂಕಿಗಳೂ ತಿಳಿಯುತ್ತವೆ, ಅವರಿಂದ ಓದಿಸಿರಿ. ವಿಸ್ತರಣಾ ಕಾರ್ಯಕರ್ತರು ತೊಗರಿ ಸುಗ್ಗಿಗೆ ಮೊದಲೇ ರೈತ ಸಂಪರ್ಕ ಕೇಂದ್ರದ ಹಲಗೆಯ ಮೇಲೆ ಸವ್ವಾ, ಸಾಡೇ, ಪಾವಣೆಯ ಪಟ್ಟಿ ಬರೆದರೆ ದೊಡ್ಡ ಉಪಕಾರವಾಗುತ್ತದೆ.

ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಮಾಲಿಗೆ ಹೆಸರಿದೆ. ಅದರ ಬೆಲೆಯನ್ನು ಕೇಳಿ ತಿಳಿದು, ತೂಕವನ್ನು ನೋಡಿ ಒಪ್ಪಿ, ರಸೀತಿ ಕೈಯಲ್ಲಿ ಹಿಡಿದು ಮನೆಗೆ ಬರುವಷ್ಟು ಮರಾಠಿ ಎಂಟು ದಿನದ ಅಭ್ಯಾಸದಿಂದ ಬರುತ್ತದೆ. ಇಂದೇ ಆರಂಭಿಸಿರಿ.