ಕಾಡಿಗೆ ಸಸಿ ಬೇಡ



ನಮ್ಮ ಈ ಬಾರಿಯ ಚಾರಣ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ. ಬಿರುಗಾಳಿಗೆ ಮರ ಉರುಳಿದ ಕಡೆ ಒಬ್ಬೊಬ್ಬರೂ ಒಂದೊಂದು ಸಸಿ ನೆಡೋಣ ಎಂಬ ಸಲಹೆ ಬಂದಿದೆ. ಸಲಹೆ ಕೊಟ್ಟವರ ಮನಸ್ಸು ದೊಡ್ಡದು. ಆದರೂ ಬೇಡ ಎನ್ನುವುದಕ್ಕೇ ಈ ಐದು ನಿಮಿಷ ಕೇಳಿ ಪಡೆದಿದ್ದೇನೆ.

2021ರ ಮೇ 17 ನಿಮಗೆಲ್ಲ ನೆನಪಿರಬೇಕು. ತೌಕ್ತೆ ಚಂಡಮಾರುತ ಮುಂಬೈ ಪಕ್ಕದ ಸಮುದ್ರದಲ್ಲೇ ಹಾದುಹೋಯಿತು. ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 114 ಕಿ.ಮೀ., ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 230 ಮಿ.ಮೀ. ಮಳೆ. ನಮ್ಮ ಸೊಸೈಟಿಯ ಗುಲ್‌ಮೊಹರ್ ಎರಡು ಕಾರುಗಳ ಮೇಲೆ ಬಿತ್ತು. ಮೂರನೇ ದಿನಕ್ಕೆ ಕತ್ತರಿಸಿ ಲಾರಿಯಲ್ಲಿ ಸಾಗಿಸಿದರು.

ಲಾಕ್‌ಡೌನ್ ಸಡಿಲಾಗಿ ಪಾರ್ಕಿಗೆ ಹೋದರೆ, ಕಾನ್ಹೇರಿ ಕಡೆಯ ನಮ್ಮ ಕಾಲುದಾರಿಯಲ್ಲಿ ಮರಗಳು ಬಿದ್ದಲ್ಲೇ ಇದ್ದವು. "ಇವನ್ನು ಎತ್ತಿಸಬಾರದೇನಪ್ಪಾ?" ಎಂದು ಗೆಳತಿಯೊಬ್ಬರು ಗೈಡ್ ಹುಡುಗನನ್ನು ಕೇಳಿದರು. ಎತ್ತುವಂತಿಲ್ಲ ಎಂದ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಒಣಗಿದ ಮರವನ್ನಾಗಲಿ, ಗಾಳಿಗೆ ಬಿದ್ದ ಮರವನ್ನಾಗಲಿ ಸಾಗಿಸಬಾರದೆಂದು 2000ರ ಫೆಬ್ರವರಿ 14ರಂದೇ ಸುಪ್ರೀಂ ಕೋರ್ಟ್ ಹೇಳಿದೆ. ಅದು ಗೆದ್ದಲಿನ, ಅಣಬೆಯ, ಮರಕುಟಿಗದ ಸೊತ್ತು. ಮರ ಬಿದ್ದ ಜಾಗಕ್ಕೆ ಬಿಸಿಲು ಇಳಿಯುತ್ತದೆ, ಮಣ್ಣಲ್ಲಿ ಕಾದಿದ್ದ ಬೀಜ ತಾನಾಗಿ ಏಳುತ್ತದೆ. ನಮ್ಮ ನರ್ಸರಿ ಸಸಿಯ ಮಣ್ಣಿನ ಜೊತೆ ಹೊರಗಿನ ಕಳೆ, ಹುಳ ಬರಬಹುದು.

ನನಗೆ ಹೊಟ್ಟೆ ಉರಿದದ್ದು ಗಾಳಿ ಮಾಡಿದ ಹಾನಿಗಲ್ಲ. ಅಡ್ಡ ಬಿದ್ದ ಕಾಂಡ ಹತ್ತಿ ಇಳಿಯುವ ಬದಲು ವಾರಾಂತ್ಯದ ಜನ ಸುತ್ತು ಹಾಕತೊಡಗಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ದಾರಿ ಇದ್ದಲ್ಲಿ ಮೂರು ದಾರಿ. ಕಾಲಡಿಗೆ ಸಿಕ್ಕಿದ್ದು ಕಾರ್ವಿ ಗಿಡ. ಎಂಟು ವರ್ಷಕ್ಕೊಮ್ಮೆ ಗುಡ್ಡವಿಡೀ ಒಟ್ಟಿಗೆ ನೇರಳೆ ಹೂ ಬಿಟ್ಟು, ಬೀಜ ಕೊಟ್ಟು ಸಾಯುವ ಗಿಡ. ನಮ್ಮ ಕುರಿಂಜಿಯ ಬಳಗವೇ. ಅದರ ಕಡ್ಡಿಗೆ ಮಣ್ಣು, ಸೆಗಣಿ ಮೆತ್ತಿ ವಾರ್ಲಿ ಜನ ಗುಡಿಸಲ ಗೋಡೆ ಕಟ್ಟುತ್ತಾರೆ. 2016ರಲ್ಲಿ ಹೂ ಬಿಟ್ಟಿತ್ತು. ತೌಕ್ತೆ ಬಂದಾಗ ಅದರ ಮಕ್ಕಳಿಗೆ ಇನ್ನೂ ಅರ್ಧ ಆಯಸ್ಸು.

ಆಮೇಲೆ ಕಾಂಡಗಳನ್ನು ದಾರಿಯ ಅಗಲಕ್ಕಷ್ಟೇ ಕೊಯ್ದು, ಆ ತುಂಡುಗಳನ್ನೇ ಅಡ್ಡದಾರಿಗಳ ಬಾಯಿಗೆ ಇಟ್ಟರು. ಅಷ್ಟರಿಂದಲೇ ಜನ ಹಳೆಯ ದಾರಿಗೆ ಮರಳಿದರು.

2024ರಲ್ಲಿ ಕಾರ್ವಿ ಹೂ ಬಿಟ್ಟಿತು. ನೋಡಬೇಕಿತ್ತು ನೀವು! ಆದರೆ ಆ ನೇರಳೆಯ ನಡುವೆ, ಅಡ್ಡದಾರಿ ಇದ್ದಲ್ಲಿ, ಬೈತಲೆ ತೆಗೆದ ಹಾಗೆ ಬರೀ ಮಣ್ಣು. 2025ರ ಮಳೆಯಲ್ಲಿ ಹೋದಾಗ ಆ ಬೋಳು ಪಟ್ಟಿಯ ಅಂಚಿನಲ್ಲಿ ಬೆರಳುದ್ದದ ಕಾರ್ವಿ ಮೊಳಕೆ ಕಂಡೆ. ಅವು ಹೂ ಬಿಡುವುದು 2032ಕ್ಕೆ. ನಾವು ನಡೆಯಲಿರುವುದು ಅವುಗಳ ಪಕ್ಕದಲ್ಲೇ.

ಸಸಿಯ ದುಡ್ಡಿನಲ್ಲಿ ನಮ್ಮ ನಮ್ಮ ಸೊಸೈಟಿ ಅಂಗಳಕ್ಕೆ ಹೊಂಗೆ, ಬೇವು ತರೋಣ, ನೆರಳು ಅಲ್ಲಿ ಬೇಕಾಗಿದೆ. ಚಾರಣದ ದಿನ ಒಬ್ಬರ ಹಿಂದೆ ಒಬ್ಬರು ನಡೆಯೋಣ. ಒಂದೆರಡು ಕಡೆ ಮರ ಇನ್ನೂ ಅಡ್ಡ ಇದೆ. ಮೊಣಕಾಲು ನೋವಿನವರು ಹೆದರಬೇಡಿ, ಕೈ ಹಿಡಿದು ದಾಟಿಸಲು ನಾನು ಅಲ್ಲೇ ನಿಂತಿರುತ್ತೇನೆ.