ಕುಸ್ಕೋದ ಸೂರ್ಯ, ಮೈಲಾರದ ಕಾರ್ಣಿಕ

ಇವತ್ತು ಜೂನ್ 24. ನಮ್ಮಲ್ಲಿ ರಾತ್ರಿ ಒಂಬತ್ತು ಗಂಟೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಈಗ ಬೆಳಿಗ್ಗೆ ಹತ್ತೂವರೆ. ಅಲ್ಲಿನ ಕುಸ್ಕೋ ಅನ್ನೋ ಊರಿನಲ್ಲಿ ಈ ಹೊತ್ತಿಗೆ ಬೀದಿ ತುಂಬಾ ಜನ. ಬಣ್ಣ ಬಣ್ಣದ ಉಣ್ಣೆ ಬಟ್ಟೆ, ಡೋಲು, ಶಂಖ, ಪಲ್ಲಕ್ಕಿ. ಪಲ್ಲಕ್ಕಿಯಲ್ಲಿ ಒಬ್ಬ ರಾಜ. ಇವತ್ತು ಅವರಿಗೆ ಇಂಟಿ ರೇಮಿ. ಇಂಟಿ ಅಂದರೆ ಸೂರ್ಯ, ರೇಮಿ ಅಂದರೆ ಹಬ್ಬ. ಇಂಕಾ ಸಾಮ್ರಾಜ್ಯದ ಸೂರ್ಯನ ಹಬ್ಬ.

ಪೆರು ಎಲ್ಲಿ, ನಾವೆಲ್ಲಿ, ಇದನ್ನ ಯಾಕೆ ಹೇಳ್ತಿದ್ದೀನಿ ಅಂತ ನಿಮಗೆ ಅನಿಸಬಹುದು. ಸ್ವಲ್ಪ ತಾಳಿ. ಈ ಕತೆ ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಗೆ ಬರುತ್ತೆ, ಅಲ್ಲಿಂದ ಮೈಲಾರಕ್ಕೆ ಹೋಗುತ್ತೆ, ಕೊನೆಗೆ ನಮ್ಮ ನಿಮ್ಮ ಮನೆಯ ಟೀವಿಗೂ ಬರುತ್ತೆ.

ಮೊದಲು ಕುಸ್ಕೋ. ಭೂಮಧ್ಯ ರೇಖೆಯ ಆ ಕಡೆ ಇರುವ ಊರು ಅದು. ನಮಗೆ ಜೂನ್ ತಿಂಗಳಲ್ಲಿ ಹಗಲು ದೊಡ್ಡದು. ಅವರಿಗೆ ಅದೇ ಜೂನ್‌ನಲ್ಲಿ ಹಗಲು ಚಿಕ್ಕದು, ರಾತ್ರಿ ದೊಡ್ಡದು. ಸಮುದ್ರ ಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದ ಊರು. ಅಲ್ಲಿನ ರಾತ್ರಿಯ ಚಳಿ ಹೇಗಿರುತ್ತೆ ಅಂತ ಊಹಿಸಿ. ಸೂರ್ಯ ದೂರ ದೂರ ಹೋಗ್ತಿದ್ದಾನೆ, ಹೀಗೇ ಹೋಗಿಬಿಟ್ಟರೆ ಗತಿ ಏನು? ವಾಪಸ್ ಬಾರಪ್ಪಾ ಅಂತ ಕರೆಯೋದೇ ಆ ಹಬ್ಬ.

ಗಾರ್ಸಿಲಾಸೋ ಡೆ ಲಾ ವೇಗಾ ಅಂತ ಒಬ್ಬ ಲೇಖಕ. 1539ರಲ್ಲಿ ಕುಸ್ಕೋದಲ್ಲೇ ಹುಟ್ಟಿದವನು. ತಾಯಿ ಇಂಕಾ ರಾಜವಂಶದವಳು, ತಂದೆ ಸ್ಪೇನ್‌ನಿಂದ ದಂಡೆತ್ತಿ ಬಂದವನು. 1609ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಈತ ಹಬ್ಬವನ್ನು ವಿವರವಾಗಿ ಬರೆದಿದ್ದಾನೆ. ಹಬ್ಬಕ್ಕೆ ಮುಂಚೆ ಮೂರು ದಿನ ಉಪವಾಸ. ಊರಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಹಬ್ಬದ ದಿನ ಬೆಳಕು ಹರಿಯುವ ಮುಂಚೆ ರಾಜನೂ ಬರಿಗಾಲಲ್ಲಿ ಚೌಕಕ್ಕೆ ಬಂದು, ಪೂರ್ವಕ್ಕೆ ಮುಖ ಮಾಡಿ ಕಾಯಬೇಕು. ಸೂರ್ಯ ಕಂಡ ಕೂಡಲೇ ಮೆಕ್ಕೆಜೋಳದಿಂದ ಮಾಡಿದ ಚಿಚಾ ಅನ್ನೋ ಪಾನೀಯವನ್ನು ಚಿನ್ನದ ಬಟ್ಟಲಲ್ಲಿ ಎತ್ತಿ ಹಿಡಿದು ಅವನಿಗೆ ಅರ್ಪಿಸಬೇಕು. ಆಮೇಲೆ ಕಪ್ಪು ಲಾಮಾ ಬಲಿ. ಲಾಮಾ ಅಂದರೆ ಅವರ ಕುರಿಯೂ ಹೌದು, ಹೇರು ಹೊರುವ ಪ್ರಾಣಿಯೂ ಹೌದು. ಅದರ ಒಳಗಿನ ಅಂಗಗಳನ್ನು ನೋಡಿ ಪೂಜಾರಿ ಭವಿಷ್ಯ ಹೇಳುತ್ತಿದ್ದ. ಮುಂದಿನ ವರ್ಷ ಹೇಗೆ ಅಂತ.

ಉಪವಾಸ, ಸೂರ್ಯ, ನೆರೆದ ಜನ, ಭವಿಷ್ಯದ ಒಂದು ಮಾತು. ಈಗ ನಿಮಗೆ ಏನೋ ನೆನಪಾಗ್ತಿರಬೇಕು ಅಲ್ವಾ?

ಬನ್ನಿ, ಇಟ್ಟಿಗಿಗೆ. ದೇವಾಲಯಗಳ ಚಕ್ರವರ್ತಿ ಅಂತ ಹೆಸರಾದ ಮಹಾದೇವ ದೇವಾಲಯ ಇರೋದು ಕೊಪ್ಪಳ ಜಿಲ್ಲೆಯ ಇಟಗಿ. ನಾನು ಹೇಳ್ತಿರೋದು ಮಲ್ಲಿಗೆಯ ನಾಡು ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿ. 2021ರವರೆಗೆ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. ಈ ಸೀಮೆಯ ಜನಕ್ಕೆ ವರ್ಷದ ದೊಡ್ಡ ಜಾತ್ರೆ ಅಂದರೆ ಅದೇ ತಾಲ್ಲೂಕಿನ ತುಂಗಭದ್ರೆಯ ದಂಡೆಯ ಮೈಲಾರ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆಯವರಷ್ಟೇ ಅಲ್ಲ, ಹೊಳೆಯ ಆಚೆಯ ಹಾವೇರಿ, ಗದಗ ಕಡೆಯವರೂ ಬರ್ತಾರೆ. ಇವತ್ತಿಗೂ ಎತ್ತಿನ ಬಂಡಿ ಕಟ್ಟಿಕೊಂಡು ಬರುವವರಿದ್ದಾರೆ.

ಮೈಲಾರಲಿಂಗನ ಇನ್ನೊಂದು ಹೆಸರು ಗೊತ್ತಲ್ಲ? ಮಾರ್ತಾಂಡ ಭೈರವ. ಮಾರ್ತಾಂಡ ಅಂದರೆ ಸೂರ್ಯ. ಮಣಿಕಾಸುರ, ಮಲ್ಲಾಸುರರನ್ನು ಕೊಲ್ಲಲು ಶಿವ ತಾಳಿದ ರೂಪ ಅದು. ಅವನ ವಾರ ಭಾನುವಾರ. ಅವನ ಪ್ರಸಾದ ಭಂಡಾರ, ಅಂದರೆ ಅರಿಸಿನ ಪುಡಿ. ಜಾತ್ರೆಯಲ್ಲಿ ಮನುಷ್ಯರ ಮುಖ, ಎತ್ತಿನ ಕೋಡು, ಬಂಡಿಯ ಗಾಲಿ, ಎಲ್ಲವೂ ಹಳದಿ. ಮಹಾರಾಷ್ಟ್ರದ ಜೇಜುರಿಯಲ್ಲಿ ಇದೇ ದೇವರು ಖಂಡೋಬ. ಅಲ್ಲಿಯವರು ಭಂಡಾರ ಹಾರಿದ ಆ ಊರನ್ನು ಚಿನ್ನದ ಜೇಜುರಿ ಅಂತಲೇ ಕರೀತಾರೆ. ಇಂಕಾಗಳು ಸೂರ್ಯನಿಗೆ ಚಿನ್ನ ಕೊಟ್ಟರು. ನಮ್ಮ ಕುರುಬರು, ಒಕ್ಕಲಿಗ ರೈತರು ಹೊಲದಲ್ಲಿ ಬೆಳೆಯುವ ಅರಿಸಿನವನ್ನೇ ಚಿನ್ನ ಮಾಡಿಕೊಂಡರು.

ಮೈಲಾರದ ಜಾತ್ರೆ ಶುರುವಾಗೋದು ಯಾವಾಗ? ರಥಸಪ್ತಮಿಗೆ. ಸೂರ್ಯ ಏಳು ಕುದುರೆಯ ರಥವನ್ನು ತಿರುಗಿಸಿಕೊಂಡ ಅಂತ ನಾವು ನಂಬುವ ದಿನ, ತಲೆ ಮೇಲೆ ಎಕ್ಕದ ಎಲೆ ಇಟ್ಟು ಸ್ನಾನ ಮಾಡುವ ದಿನ. ಅಲ್ಲಿಂದ ಹನ್ನೊಂದು ದಿನ ಕಾರ್ಣಿಕದ ಗೊರವಯ್ಯನಿಗೆ ಉಪವಾಸ ವ್ರತ. ಭರತ ಹುಣ್ಣಿಮೆ ಕಳೆದ ಮೇಲೆ, ಸಂಜೆ, ಡೆಂಕನಮರಡಿಯಲ್ಲಿ ಲಕ್ಷಾಂತರ ಜನರ ನಡುವೆ ಆತ ಎತ್ತರದ ಬಿಲ್ಲನ್ನು ಏರುತ್ತಾನೆ. ಕರಿ ಕಂಬಳಿ, ಕೈಯಲ್ಲಿ ಡಮರುಗ. ಅಲ್ಲಿಯವರೆಗೆ ಏಳು ಕೋಟಿಯ ಉದ್ಘೋಷದಲ್ಲಿ ಕಿವಿ ಕಿವುಡಾಗಿರುತ್ತೆ. ಆತ ಮೇಲಿನಿಂದ ‘ಸದ್ದಲೇ’ ಅಂತಾನೆ. ಅಷ್ಟೇ. ಇಡೀ ಮರಡಿ ಸ್ತಬ್ಧ. ಮಗು ಅತ್ತರೂ ಕೇಳಿಸುವಷ್ಟು ಮೌನ. ಆಮೇಲೆ ಒಂದೇ ಒಂದು ಮಾತು. ಆ ಮಾತು ಮುಗಿಯುತ್ತಿದ್ದ ಹಾಗೆ ಆತ ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ.

ಆ ಒಂದು ಮಾತೇ ಕಾರ್ಣಿಕ. ಅದಕ್ಕಾಗಿಯೇ ಅಷ್ಟು ಜನ ಬರೋದು.

ಒಮ್ಮೆ ಜಾತ್ರೆಗೆ ಹೋಗಿದ್ದಾಗ ಇಟ್ಟಿಗಿ ಕಡೆಯ ಒಬ್ಬ ಹಿರಿಯ ರೈತರ ಜೊತೆ ಮಾತಾಡಿದ್ದೆ. ಬಂಡಿಯ ನೆರಳಲ್ಲಿ ಕೂತು ರೊಟ್ಟಿ ಉಣ್ಣುತ್ತಿದ್ದರು. ‘ಯಜಮಾನ್ರೇ, ಕಾರ್ಣಿಕ ನಿಜ ಆಗುತ್ತೆ ಅಂತ ನಂಬ್ತೀರಾ?’ ಅಂದೆ. ಅವರು ನನ್ನ ಮೈಕು ನೋಡಿದರು, ನಕ್ಕರು.

‘ನಂಬಾದು ಬಿಡಾದು ಆಮ್ಯಾಲೆ ತಮ್ಮಾ. ಮಾತು ಒಂದ ಇರತೈತಿ. ಅದನ್ನ ಹೊತ್ಕೊಂಡು ಊರಿಗೆ ಹೋಗ್ತೀವಿ. ಕಟ್ಟಿ ಮ್ಯಾಲೆ ಕುಂತು ಎಂಟು ದಿನ ಅದನ್ನ ಮಾತಾಡ್ತೀವಿ. ಈ ಸಲ ಮಳಿ ಹೆಂಗ, ಯಾವ ಬೀಜ ಹಾಕಾದು, ಎಷ್ಟು ಸಾಲ ಮಾಡಾದು. ಮಾತು ಛಲೋ ಬಂತಂತ ಎಲ್ಲಾ ಹೊಲಕ್ಕೂ ಒಂದ ಬೀಜ ಹಾಕಾಂಗಿಲ್ಲ. ಮಾತು ಕೆಟ್ಟ ಬಂತಂತ ಹೊಲ ಬೀಳು ಬಿಡಾಂಗಿಲ್ಲ.’

ನೋಡಿ, ಇದರಲ್ಲಿ ಮೂಢನಂಬಿಕೆ ಎಲ್ಲಿದೆ? ಬಿತ್ತನೆಗೆ ನಾಲ್ಕು ತಿಂಗಳು ಮುಂಚೆ ಇಡೀ ಊರನ್ನು ಕೂರಿಸಿ, ನಷ್ಟ ಆದರೆ ಏನು ಮಾಡೋಣ ಅಂತ ಯೋಚಿಸುವ ಹಾಗೆ ಮಾಡುತ್ತೆ ಆ ಮಾತು. ಕಾರ್ಣಿಕ ಉತ್ತರ ಕೊಡುತ್ತೋ ಇಲ್ಲವೋ, ಪ್ರಶ್ನೆಯನ್ನಂತೂ ಸರಿಯಾದ ಸಮಯಕ್ಕೆ ಕೇಳಿಸುತ್ತೆ.

ಅಂದ ಹಾಗೆ, ಆ ಯಜಮಾನರ ಹೊಲದಲ್ಲಿ ಇದ್ದದ್ದು ಮೆಕ್ಕೆಜೋಳ ಮತ್ತು ಶೇಂಗಾ. ರೊಟ್ಟಿಯ ಜೊತೆ ನಂಚಿಕೊಳ್ಳುತ್ತಿದ್ದದ್ದು ಕೆಂಪು ಖಾರ. ಮೆಕ್ಕೆಜೋಳ, ಶೇಂಗಾ, ಮೆಣಸಿನಕಾಯಿ, ಈ ಮೂರೂ ಅಮೆರಿಕ ಖಂಡಗಳಿಂದ ನಮ್ಮ ದೇಶಕ್ಕೆ ಬಂದವು. ಯಾವ ಜನ ಮೆಕ್ಕೆಜೋಳದ ಪಾನೀಯ ಹಿಡಿದು ಸೂರ್ಯನನ್ನು ಕಾಯುತ್ತಿದ್ದರೋ, ಅದೇ ಬೆಳೆ ನೆಚ್ಚಿಕೊಂಡು ಹಡಗಲಿಯ ರೈತ ಇವತ್ತು ಆಕಾಶ ನೋಡ್ತಿದ್ದಾನೆ. ಒಂದೇ ವ್ಯತ್ಯಾಸ. ಜೂನ್ 24ರಂದು ಅಲ್ಲಿ ಸೂರ್ಯ ಬರಲಿ ಅಂತಾರೆ. ಇಲ್ಲಿ ಆರಿದ್ರಾ ಮಳೆ ನಡೀತಿರುತ್ತೆ, ಸೂರ್ಯ ಸ್ವಲ್ಪ ಮರೆಯಾಗಲಿ, ಮೋಡ ಕಟ್ಟಲಿ ಅಂತೀವಿ.

ಈಗ ಕುಸ್ಕೋದ ಹಬ್ಬಕ್ಕೆ ಏನಾಯ್ತು, ಅದನ್ನು ಕೇಳಿ.

1533ರಲ್ಲಿ ಸ್ಪೇನ್‌ನ ಸೈನ್ಯ ಕುಸ್ಕೋಗೆ ಬಂತು. ಸೂರ್ಯನ ಗುಡಿ ಕೊರಿಕಾಂಚಾದ ಗೋಡೆಗಳಿಂದ ಚಿನ್ನದ ತಗಡು ಕಿತ್ತುಕೊಂಡರು. ಆ ಗುಡಿಯ ಅಡಿಪಾಯದ ಮೇಲೆ ಚರ್ಚು, ಮಠ ಎದ್ದವು. 1535ರಲ್ಲಿ ಇಂಕಾ ಅರಸನ ಸಮ್ಮುಖದಲ್ಲಿ ಹಬ್ಬ ನಡೆಯಿತು, ಅದೇ ಕೊನೆ. 1572ರಲ್ಲಿ ವೈಸರಾಯ್ ಫ್ರಾನ್ಸಿಸ್ಕೋ ಡೆ ಟೊಲೆಡೋ ಇದನ್ನು ನಿಷೇಧಿಸಿದ. ಮತ್ತೆ ಅದು ಊರ ನಡುವೆ ಬಹಿರಂಗವಾಗಿ ನಡೆದದ್ದು 1944ರಲ್ಲಿ. ಲೆಕ್ಕ ಹಾಕಿ, 372 ವರ್ಷ. ಹುಂಬರ್ಟೋ ವಿಡಾಲ್ ಉಂಡಾ, ಫೌಸ್ಟಿನೋ ಎಸ್ಪಿನೋಸಾ ನವಾರೋ ಅಂತಹವರು ಮುಂದೆ ನಿಂತು ಅದನ್ನು ಎಬ್ಬಿಸಿದರು. ಹೇಗೆ? ಗಾರ್ಸಿಲಾಸೋ ಬರೆದಿಟ್ಟಿದ್ದನ್ನು ಓದಿ. ಪುಸ್ತಕ ನೋಡಿ ಹಬ್ಬ ಕಟ್ಟಿದರು.

ಅದು ಸಣ್ಣ ಕೆಲಸ ಅಲ್ಲ. ಕೆಚುವಾ ಭಾಷೆ ಮಾತಾಡೋದೇ ಅವಮಾನ ಅಂತ ಬೆಳೆದ ಜನಕ್ಕೆ ಆ ಹಬ್ಬ ತಲೆ ಎತ್ತುವ ಧೈರ್ಯ ಕೊಟ್ಟಿತು. ನಾನು ಅದನ್ನು ಹಗುರವಾಗಿ ಮಾತಾಡೋದಿಲ್ಲ. ಆದರೆ ಒಂದು ಸತ್ಯವನ್ನೂ ನೋಡಬೇಕು. ಇವತ್ತು ಸಾಕ್ಸಾಯ್‌ವಾಮಾನ್ ಕೋಟೆಯಲ್ಲಿ ನಡೆಯುವುದು ಪ್ರದರ್ಶನ. ರಾಜ ಒಬ್ಬ ಕಲಾವಿದ. ಲಾಮಾ ಬಲಿ ಅಭಿನಯ ಮಾತ್ರ, ಅದು ಒಳ್ಳೆಯದೇ. ಗ್ಯಾಲರಿಯಲ್ಲಿ ಟಿಕೆಟ್ ತೆಗೆದುಕೊಂಡ ಪ್ರವಾಸಿಗರು. ಪೂಜಾರಿ ಪಾತ್ರಧಾರಿ ಭವಿಷ್ಯ ನುಡಿದರೆ ಯಾವ ರೈತನೂ ಅದನ್ನು ಕೇಳಿ ಬೀಜ ಬದಲಿಸುವುದಿಲ್ಲ.

ಮೈಲಾರದ ವಿಷಯ ಬೇರೆ. ಇಲ್ಲಿ ಯಾವ ವೈಸರಾಯನೂ ಬಂದು ಬಿಲ್ಲು ಮುರಿಯಲಿಲ್ಲ. ಗೊರವಯ್ಯನ ಮಾತನ್ನು ಪುಸ್ತಕದಿಂದ ಹೆಕ್ಕಿ ತರುವ ಪ್ರಮೇಯ ಬಂದಿಲ್ಲ. ಆ ಮಾತು ಕೇಳಿದವನು ಇವತ್ತಿಗೂ ತನ್ನ ಹೊಲವನ್ನೇ ನೆನೆಸಿಕೊಳ್ಳುತ್ತಾನೆ. ಹಬ್ಬ ಜೀವಂತವಾಗಿದೆ ಅಂದರೆ ಇದೇ ಅರ್ಥ.

ಹಾಗಾದರೆ ಚಿಂತೆ ಯಾಕೆ? ಯಾಕೆ ಅಂದರೆ, ನಿಷೇಧ ಮಾಡಿದರೆ ಮಾತ್ರ ಹಬ್ಬ ಸಾಯುತ್ತೆ ಅಂತೇನಿಲ್ಲ. ಅದರ ಪ್ರಶ್ನೆಯನ್ನು ಕಸಿದುಕೊಂಡರೂ ಸಾಯುತ್ತೆ.

2023ರ ಫೆಬ್ರವರಿ ನೆನಪಿಸಿಕೊಳ್ಳಿ. ಆ ವರ್ಷದ ಕಾರ್ಣಿಕದಲ್ಲಿ ಅಂಬಲಿ ಹಳಸಿದ ಮಾತಿತ್ತು, ಕಂಬಳಿ ಬೀಸಿದ ಮಾತಿತ್ತು. ಮೂರು ತಿಂಗಳಲ್ಲಿ ವಿಧಾನಸಭೆ ಚುನಾವಣೆ. ಕೇಳಬೇಕಾ? ಸಂಜೆಯಿಂದಲೇ ಟೀವಿಗಳಲ್ಲಿ ಚರ್ಚೆ. ಕಂಬಳಿ ಅಂದರೆ ಯಾವ ನಾಯಕ, ಯಾವ ಜಾತಿ, ಯಾವ ಪಕ್ಷ, ಕುರ್ಚಿ ಯಾರಿಗೆ? ಅಂಬಲಿ ರೈತನ ಊಟ. ಕಂಬಳಿ ಕುರಿಗಾರನ ಹೊದಿಕೆ. ಊಟ ಹಳಸಿತು ಅನ್ನೋ ಮಾತು ಕೇಳಿ ಊಟದ ಬಗ್ಗೆ ಕೇಳಿದವರು ಎಷ್ಟು ಜನ?

ಅದೇ ವರ್ಷ ಮುಂಗಾರು ಕೈ ಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಕಾರ್ಣಿಕ ನಿಜವಾಯ್ತು ಅಂತ ವಾದಿಸೋಕೆ ಇದನ್ನು ಹೇಳ್ತಿಲ್ಲ. ಅಂಥ ಮಾತಿಗೆ ಹತ್ತು ಅರ್ಥ ಹಚ್ಚಬಹುದು, ಮಳೆ ಚೆನ್ನಾಗಿ ಬಂದಿದ್ದರೂ ಯಾರಾದರೂ ಒಂದು ಅರ್ಥ ಹಚ್ಚುತ್ತಿದ್ದರು. ನಾನು ಹೇಳ್ತಿರೋದು ಇಷ್ಟೇ. ಲಕ್ಷಾಂತರ ರೈತರು ಮಳೆಯ ಬಗ್ಗೆ ಕೇಳೋಕೆ ಸೇರಿದ್ದರು. ಅವರ ತಲೆಯ ಮೇಲಿಂದ ಕ್ಯಾಮೆರಾಗಳು ವಿಧಾನಸೌಧ ನೋಡಿದವು.

ಇದು ಮುಂದುವರಿದರೆ ಏನಾಗುತ್ತೆ? ಕಾರ್ಣಿಕ ಇರುತ್ತೆ, ಬಿಲ್ಲು ಇರುತ್ತೆ, ಮೌನವೂ ಇರುತ್ತೆ. ಆದರೆ ಇಟ್ಟಿಗಿಯ ಕಟ್ಟೆಯ ಮೇಲೆ ಬೀಜ, ಸಾಲದ ಮಾತು ನಿಂತು, ಟೀವಿಯಲ್ಲಿ ಯಾರೋ ಹೇಳಿದ ಕುರ್ಚಿಯ ಮಾತು ನಡೆಯುತ್ತೆ. ಕುಸ್ಕೋದಲ್ಲಿ ಪರಕೀಯರು ಬಂದು ಮಾಡಿದ ಕೆಲಸವನ್ನು ಮೈಲಾರದಲ್ಲಿ ನಾವು ನಾವೇ ಮಾಡಿ ಮುಗಿಸಿರುತ್ತೇವೆ. ಆಮೇಲೆ ಯಾರಾದರೂ ಪುಸ್ತಕ ಓದಿ ಅದನ್ನು ಎಬ್ಬಿಸಬೇಕು.

ಸರ್ಕಾರಕ್ಕೂ ಒಂದು ಮಾತು. ಬಿತ್ತನೆಗೆ ಮುಂಚೆ, ಕರೆಯದೇ, ಬಸ್ಸು ಕಳಿಸದೇ, ಊಟದ ಪೊಟ್ಟಣ ಕೊಡದೇ ಇಷ್ಟು ರೈತರು ಒಂದೇ ಕಡೆ ಸೇರುವ ಜಾಗ ರಾಜ್ಯದಲ್ಲಿ ಎಷ್ಟಿದೆ? ಮಂತ್ರಿಗಳು, ಅಧಿಕಾರಿಗಳು ಮೈಲಾರಕ್ಕೆ ಬರ್ತಾರೆ, ದರ್ಶನ ಮಾಡ್ತಾರೆ, ಹೋಗ್ತಾರೆ. ಕೃಷಿ ಇಲಾಖೆಯವರು ಡೆಂಕನಮರಡಿಯ ದಾರಿಯಲ್ಲಿ ಹತ್ತು ಪೆಂಡಾಲ್ ಹಾಕಲಿ. ಬೆಳೆ ವಿಮೆಯಲ್ಲಿ ಮುಂಗಾರಿನ ಆಹಾರ ಬೆಳೆ, ಎಣ್ಣೆಕಾಳಿಗೆ ರೈತ ಕಟ್ಟಬೇಕಾದ್ದು ವಿಮಾ ಮೊತ್ತದ ಶೇಕಡ 2 ಮಾತ್ರ. ಈ ಒಂದು ಸಾಲನ್ನು ಅಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಲಿ. ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಮುಂಗಾರಿನ ಮುನ್ಸೂಚನೆ ಕೊಡುತ್ತೆ, ಅದನ್ನು ಎಲ್ಲಿ, ಹೇಗೆ ನೋಡೋದು ಅಂತ ಹೇಳಿಕೊಡಲಿ. ಮಣ್ಣಿನ ಪರೀಕ್ಷೆಗೆ ಅಲ್ಲೇ ಮಾದರಿ ತಗೊಳ್ಳಲಿ. ಗೊರವಯ್ಯನ ಮಾತಿಗೂ ಹವಾಮಾನ ಇಲಾಖೆಯ ಮಾತಿಗೂ ಜಗಳ ಇಡಬೇಕಾಗಿಲ್ಲ. ಒಂದು ಯೋಚಿಸು ಅನ್ನುತ್ತೆ, ಇನ್ನೊಂದು ಯೋಚಿಸೋಕೆ ಬೇಕಾದ ಅಂಕಿ ಕೊಡುತ್ತೆ. ರೈತನಿಗೆ ಎರಡನ್ನೂ ಇಟ್ಟುಕೊಳ್ಳುವಷ್ಟು ಬುದ್ಧಿ ಇದೆ.

ವೀಕ್ಷಕರೇ, ನಿಮಗೂ ಒಂದು ಕೆಲಸ ಇದೆ. ಮುಂದಿನ ಭರತ ಹುಣ್ಣಿಮೆ ಆದ ಮೇಲೆ ಕಾರ್ಣಿಕದ ಸುದ್ದಿ ಬರುತ್ತೆ. ಯಾವ ಚಾನೆಲ್ ಆದರೂ ಸರಿ, ಅದು ಯಾರ ಕುರ್ಚಿ ಅಲುಗುತ್ತೆ ಅಂತ ಹೇಳೋಕೆ ಶುರು ಮಾಡಿದರೆ ನೀವು ಒಂದೇ ಪ್ರಶ್ನೆ ಕೇಳಿ. ಮಳಿ ಹೆಂಗೈತಿ? ಆ ಮರಡಿಗೆ ಬಂದವರು ಕೇಳಿದ್ದು ಅದನ್ನೇ.