'ರೋಮ್' ನೋಡುವಾಗ ನಾವು ಯಾವ ಕಡೆ?

ಮಣಿಪಾಲದಲ್ಲಿ ಸೀರೀಸ್ ಹುಚ್ಚಿನವರು ನಾಲ್ಕು ಜನ ಸೇರಿದ್ರೆ 'ರೋಮ್' ಸುದ್ದಿ ಬಂದೇ ಬರ್ತದೆ. 2005ರಲ್ಲಿ ಶುರುವಾಗಿ 2007ರಲ್ಲಿ 22 ಎಪಿಸೋಡಿಗೆ ಮುಗಿದ ಸೀರೀಸ್. ಸೀಸರ್‌ಗಿಂತ ನಮಗೆಲ್ಲ ಸೈನಿಕರಾದ ಪುಲ್ಲೋ, ವೊರೇನಸ್ ಇಷ್ಟ. ಆ ಎರಡು ಹೆಸರು ಸೀಸರ್ ಬರೆದ ಯುದ್ಧದ ಪುಸ್ತಕದಲ್ಲೇ ಉಂಟು.

"ಇದ್ರಲ್ಲಿ ನಮ್ಮೂರು ಎಲ್ಲಿ?" ಅಂತ ಕಾಪುವಿನ ಗೆಳೆಯ ಕೇಳಿದ. ಸೀರೀಸಲ್ಲಿ ಇಲ್ಲ. ಆದ್ರೆ ರೋಮನ್ನರ ಕಾಲದ ಒಂದು ಗ್ರೀಕ್ ಪ್ರಹಸನ ಉಂಟು, ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಪ್ಯಾಪಿರಸ್ ಮೇಲೆ ಸಿಕ್ಕಿದ್ದು. ಚಾರಿಟಿಯನ್ ಎಂಬ ಹುಡುಗಿ ಭಾರತದ ಕರಾವಳಿಯಲ್ಲಿ ಸೆರೆ. ಅವಳ ಸೋದರ ಬಂದು, ಇಲ್ಲಿನ ರಾಜನಿಗೆ ನೀರು ಬೆರೆಸದ ವೈನ್ ಕುಡಿಸಿ, ಅವಳನ್ನು ಹಡಗು ಹತ್ತಿಸ್ತಾನೆ.

ರಾಜನ ಕಡೆಯವರು ಆಡುವುದು ಕನ್ನಡ ಅಂತ 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಜ್ ಹೇಳಿದ್ರು. ಜಾಗ ನಮ್ಮ ಉಡುಪಿ ಕಡೆಯದ್ದೇ ಅಂದವರೂ ಇದ್ದಾರೆ, ಅದು ಬರೀ ಅರ್ಥವಿಲ್ಲದ ಸದ್ದು ಅಂದವರೂ ಇದ್ದಾರೆ. ಉಡುಪಿ ವಾದ ನನಗೆ ಸ್ವಲ್ಪ ಎಳೆದ ಹಾಗೆ ಕಾಣ್ತದೆ. ಆದ್ರೂ ಚುಚ್ತದೆ: ಭಾಷೆ ಯಾವುದೇ ಇರಲಿ, ಆ ಪ್ರೇಕ್ಷಕರು ನಕ್ಕದ್ದು ಈ ಕಡೆಯವರ ಮಾತು ಕೇಳಿ.

'ರೋಮ್'ನ ಮೊದಲ ಎಪಿಸೋಡಲ್ಲಿ ಗಾಲ್ ನಾಯಕ ಸೀಸರ್ ಎದುರು ಶರಣಾಗುವಾಗ ನಾವೆಲ್ಲ ಕೂತದ್ದು ಪುಲ್ಲೋ ಕಡೆ. ಈ ಶನಿವಾರ ಅದನ್ನೇ ಪುನಃ ಹಾಕ್ತೇವೆ. ಕಾಪುವಿನವ ಈಗಲೇ ಗಾಲ್ ಪಾರ್ಟಿ.